ಕನ್ನಡ ಜಾಲತಾಣ ವಿನ್ಯಾಸ: ಪುಣೆಯ ಪರಂಪರೆ ಮತ್ತು ಉಪಯುಕ್ತ ಸಾಧನಗಳು

ಕನ್ನಡ ಜಾಲತಾಣ ಕಟ್ಟುವವರ ಕೈಗೆ ಇಂದು ಸಿಗುವ ಸಾಧನಗಳಲ್ಲಿ ಹಲವಕ್ಕೆ ಪುಣೆಯ ನಂಟಿದೆ. ಭಾರತೀಯ ಲಿಪಿಗಳನ್ನು ಕಂಪ್ಯೂಟರಿಗೆ ಹೊಂದಿಸಿದ ಸಿ-ಡ್ಯಾಕ್ ಸಂಸ್ಥೆಯ ಕೇಂದ್ರ ಕಚೇರಿ ಇರುವುದು ಇಲ್ಲಿ. ಕರ್ನಾಟಕದ ಡಿಟಿಪಿ ಅಂಗಡಿಗಳಲ್ಲಿ ಮನೆಮಾತಾದ ಶ್ರೀಲಿಪಿ ತಂತ್ರಾಂಶದ ತವರೂ ಇದೇ. ಮುಕ್ತ ಪರವಾನಗಿಯ ಲೋಹಿತ್ ಫಾಂಟ್‌ಗಳ ಕೆಲಸ ನಡೆದದ್ದೂ ಬಹುಮಟ್ಟಿಗೆ ಈ ಊರಿನಲ್ಲೇ. ವಿನ್ಯಾಸಕಾರರಿಗೂ ತಾಣದ ಒಡೆಯರಿಗೂ ಉಪಯುಕ್ತವಾದ ಸಾಧನ-ಸಲಹೆಗಳನ್ನು ಈ ಲೇಖನ ಆ ಹಿನ್ನೆಲೆಯೊಂದಿಗೆ ವಿವರಿಸುತ್ತದೆ. ಬಣ್ಣ, ಚಿತ್ರ, ಚಲನೆಗಳ ವಿಚಾರ ಎಲ್ಲ ಭಾಷೆಗೂ ಒಂದೇ. ಕನ್ನಡ ತಾಣದ ಅಳಿವು ಉಳಿವು ನಿಂತಿರುವುದು ಅದರ ಪಠ್ಯ ಯಾವ ರೂಪದಲ್ಲಿ ಶೇಖರವಾಗಿದೆ ಎಂಬುದರ ಮೇಲೆ.

ಹಿನ್ನೆಲೆ

ಸಿ-ಡ್ಯಾಕ್ 1988ರಲ್ಲಿ ವಿಜಯ್ ಭಟ್ಕರ್ ಅವರ ನೇತೃತ್ವದಲ್ಲಿ ಆರಂಭವಾಯಿತು. 1991ರ ಪರಮ್ 8000 ಸೂಪರ್‌ಕಂಪ್ಯೂಟರ್ ಅದಕ್ಕೆ ಹೆಸರು ತಂದಿತು. ಭಾಷೆಗಳ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಜಿಸ್ಟ್ ವಿಭಾಗದ್ದು. 1980ರ ದಶಕದಲ್ಲಿ ಕಾನ್ಪುರದ ಐಐಟಿಯಲ್ಲಿ ರೂಪುಗೊಂಡ ಜಿಸ್ಟ್ ತಂತ್ರಜ್ಞಾನ ಮೋಹನ್ ತಾಂಬೆ ಮೊದಲಾದವರ ಮೂಲಕ ಪುಣೆಗೆ ಬಂತು. ಆಗಿನ ಪಿಸಿಗಳಿಗೆ ಜಿಸ್ಟ್ ಕಾರ್ಡ್ ಜೋಡಿಸಿದರೆ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳು ಪರದೆಯ ಮೇಲೆ ಮೂಡುತ್ತಿದ್ದವು.

ಈ ತಂತ್ರಜ್ಞಾನದ ತಿರುಳು ಸರಳವಾದದ್ದು. ಕಡತದಲ್ಲಿ ಅಕ್ಷರವನ್ನು ಶೇಖರಿಸಬೇಕು, ಅದರ ಆಕಾರವನ್ನು ಪರದೆಯ ಮೇಲೆ ಮೂಡಿಸುವ ಹೊತ್ತಿಗೆ ತಂತ್ರಾಂಶವೇ ಕಟ್ಟಿಕೊಳ್ಳಬೇಕು. 1991ರಲ್ಲಿ ಭಾರತೀಯ ಮಾನಕ ಸಂಸ್ಥೆ ಒಪ್ಪಿದ ಇಸ್ಕಿ ಸಂಕೇತ ಇದೇ ತತ್ವದ ಮೇಲೆ ನಿಂತಿತು. ಯೂನಿಕೋಡ್‌ನ ಭಾರತೀಯ ಲಿಪಿ ವಿಭಾಗಗಳಿಗೆ ಇಸ್ಕಿಯ 1988ರ ರೂಪವೇ ಆಧಾರ. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗಿನ 128 ಸ್ಥಾನಗಳಿವೆ. ಇನ್‌ಸ್ಕ್ರಿಪ್ಟ್ ಕೀಲಿಮಣೆಯ ಹಿಂದಿರುವುದೂ ಅದೇ ಯೋಚನೆ: ಎಲ್ಲ ಭಾರತೀಯ ಲಿಪಿಗಳಲ್ಲೂ ಕಕಾರಕ್ಕೆ ಒಂದೇ ಕೀಲಿ. ಪುಣೆಯಲ್ಲಿ ಈ ಕೀಲಿಮಣೆಯ ಮೇಲೆ ಮರಾಠಿ ಬೆರಳಚ್ಚು ಕಲಿತ ಕನ್ನಡದ ಹುಡುಗನೊಬ್ಬ ಅದೇ ಬೆರಳುಗಳಿಂದ ಕನ್ನಡವನ್ನೂ ಬರೆಯಬಲ್ಲ. ಹೊರನಾಡ ಕನ್ನಡಿಗರಿಗೆ ಇದು ದೊಡ್ಡ ಅನುಕೂಲ, ಆದರೂ ಈ ಸಂಗತಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಅಚ್ಚಿನ ಲೋಕ ಬೇರೆ ದಾರಿ ಹಿಡಿಯಿತು. ಪೇಜ್‌ಮೇಕರ್‌ನಂಥ ತಂತ್ರಾಂಶಗಳಿಗೆ ಭಾರತೀಯ ಅಕ್ಷರಗಳನ್ನು ಜೋಡಿಸಲು ಬರುತ್ತಿರಲಿಲ್ಲ. ಹಾಗಾಗಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳ ತುಣುಕುಗಳನ್ನು ಕೂರಿಸಿದ ಫಾಂಟ್‌ಗಳು ಬಂದವು. ಸಿ-ಡ್ಯಾಕ್‌ನ ಇಸ್ಫಾಕ್, ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ, ಮುಂದೆ ಬಂದ ಬರಹ ಮತ್ತು ನುಡಿಯ ಹಳೆಯ ಫಾಂಟ್‌ಗಳು ಈ ಬಗೆಯವು. ಪುಸ್ತಕಕ್ಕೆ ಇವು ಸಾಕಾಗಿದ್ದವು, ಕನ್ನಡ ಮುದ್ರಣಕ್ಕೆ ಇವುಗಳಿಂದ ಆದ ಉಪಕಾರ ಸಣ್ಣದಲ್ಲ. ಆದರೆ ಅದೇ ಕಡತಗಳನ್ನು ಜಾಲಕ್ಕೆ ಏರಿಸಿದಾಗ ತೊಂದರೆ ಶುರುವಾಯಿತು. ಓದುಗನ ಯಂತ್ರದಲ್ಲಿ ಆ ಫಾಂಟ್ ಇಲ್ಲದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಪುಟದ ಜೊತೆಗೇ ಫಾಂಟನ್ನು ಇಳಿಸುವ ಡೈನಾಮಿಕ್ ಫಾಂಟ್ ತಂತ್ರವನ್ನು ಹಲವು ತಾಣಗಳು ಅಳವಡಿಸಿಕೊಂಡವು. ಮೈಕ್ರೋಸಾಫ್ಟ್‌ನ ಡೈನಾಮಿಕ್ ಫಾಂಟ್ ಪದ್ಧತಿ ನೆಚ್ಚಿದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದನ್ನೇ. ಹುಡುಕುಯಂತ್ರಗಳ ಪಾಲಿಗಂತೂ ಆ ಪುಟಗಳಲ್ಲಿ ಕನ್ನಡವೇ ಇರಲಿಲ್ಲ. ಆ ವರ್ಷಗಳ ಎಷ್ಟೋ ಲೇಖನಗಳು ಇಂದು ಕಡತವಾಗಿ ಉಳಿದಿದ್ದರೂ ಹುಡುಕಿದರೆ ಸಿಗುವುದಿಲ್ಲ, ಸಿಕ್ಕರೂ ಓದಲಾಗುವುದಿಲ್ಲ. ಇದು ಕನ್ನಡಕ್ಕಾದ ನಿಜವಾದ ನಷ್ಟ.

2001ರಲ್ಲಿ ವಿಂಡೋಸ್ ಎಕ್ಸ್‌ಪಿ ತುಂಗಾ ಫಾಂಟಿನೊಂದಿಗೆ ಯೂನಿಕೋಡ್ ಕನ್ನಡವನ್ನು ತಂದಿತು. 2004ರ ಸುಮಾರಿಗೆ ರೆಡ್ ಹ್ಯಾಟ್ ಸಂಸ್ಥೆ ಮಾಡ್ಯುಲರ್ ಇನ್ಫೋಟೆಕ್‌ನಿಂದ ಪಡೆದ ವಿನ್ಯಾಸಗಳನ್ನು ಲೋಹಿತ್ ಹೆಸರಿನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿತು. ಸಂಸ್ಥೆಯ ಪುಣೆ ಕಚೇರಿಯ ಭಾಷಾ ತಂಡ ಅವುಗಳನ್ನು ತಿದ್ದುತ್ತ ಬಂತು. 2011ರಲ್ಲಿ ಅವಕ್ಕೆ ಮುಕ್ತ ಫಾಂಟ್ ಪರವಾನಗಿ ದೊರೆತ ಮೇಲೆ ಜಾಲತಾಣಗಳಲ್ಲಿ ಹುದುಗಿಸಿ ಬಳಸಲು ಯಾವ ಅಡ್ಡಿಯೂ ಉಳಿಯಲಿಲ್ಲ. ವಿಕಿಮೀಡಿಯ ಮತ್ತು ರೆಡ್ ಹ್ಯಾಟ್ ತಂಡಗಳು 2012-13ರಲ್ಲಿ ಪುಣೆಯಲ್ಲಿ ಸೇರಿ ಇಂಥ ಭಾಷಾ ಸಾಧನಗಳ ಮೇಲೆ ಒಟ್ಟಾಗಿ ಕೆಲಸ ಮಾಡಿದವು.

ಪಠ್ಯದ ಶುದ್ಧಿ

ಹಳೆಯ ನುಡಿ, ಬರಹ ಅಥವಾ ಶ್ರೀಲಿಪಿ ಕಡತಗಳಿರುವ ಸಂಸ್ಥೆಗಳು ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ತಾಣಕ್ಕೆ ಹಾಕಬೇಕು. ಪುಟವನ್ನು ಚಿತ್ರವಾಗಿಸಿ ಹಾಕುವುದು ಸುಲಭದ ದಾರಿಯಂತೆ ಕಂಡರೂ ಪಠ್ಯ ಮತ್ತೆ ಕತ್ತಲೆಗೇ ಸೇರುತ್ತದೆ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಉಚಿತ ಪರಿವರ್ತಕಗಳಿವೆ. ಪರಿವರ್ತನೆಯ ನಂತರ ಅರ್ಕಾವತ್ತು, ಒತ್ತಕ್ಷರ ಮತ್ತು ಅಂಕಿಗಳನ್ನು ಮನುಷ್ಯರೇ ಕೂತು ನೋಡಬೇಕು. ಅನುಸ್ವಾರದ ಜಾಗದಲ್ಲಿ ಕನ್ನಡ ಸೊನ್ನೆ ಕೂತಿರುವುದು ಬಹಳ ಸಾಮಾನ್ಯ. ಕಣ್ಣಿಗೆ ಎರಡೂ ಒಂದೇ, ಹುಡುಕುವ ಯಂತ್ರಕ್ಕೆ ಬೇರೆ ಬೇರೆ.

ಕಣ್ಣಿಗೆ ಕಾಣದ ಎರಡು ಚಿಹ್ನೆಗಳನ್ನು ವಿನ್ಯಾಸಕಾರರು ತಿಳಿದಿರಲೇಬೇಕು. ‘ರಾಜ್‌ಕುಮಾರ್’ ಎಂಬಲ್ಲಿ ಜಕಾರಕ್ಕೆ ಕಕಾರ ಒತ್ತಾಗದಂತೆ ತಡೆಯುವುದು ಶೂನ್ಯ ಅಗಲದ ವಿಭಜಕ. ‘ರ‍್ಯಾಂಕ್’ ಎಂಬಲ್ಲಿ ರಕಾರ ಅರ್ಕಾವತ್ತಾಗಿ ಹಿಂದೆ ಸರಿಯದಂತೆ ಹಿಡಿಯುವುದು ಶೂನ್ಯ ಅಗಲದ ಸಂಯೋಜಕ. ಅನಗತ್ಯ ಚಿಹ್ನೆಗಳನ್ನು ತೆಗೆಯಲೆಂದು ಬರೆದ ತಂತ್ರಾಂಶ ಇವನ್ನೂ ಅಳಿಸಿಬಿಟ್ಟರೆ ಪದಗಳು ಕೆಡುತ್ತವೆ. ಪುಟದಲ್ಲಿ ಇವನ್ನು ಉಳಿಸಿಕೊಳ್ಳಬೇಕು, ತಾಣದ ಹುಡುಕುಸೂಚಿಯಲ್ಲಿ ಮಾತ್ರ ಕಡೆಗಣಿಸಬೇಕು. ಓದುಗ ಈ ಚಿಹ್ನೆ ಇಲ್ಲದೆ ಹುಡುಕಿದರೂ ಆಗ ಫಲಿತಾಂಶ ಸಿಗುತ್ತದೆ. ‘ಕೊ’ದಂಥ ಗುಣಿತಾಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡಾಗಿಯೂ ಬರೆಯಬಹುದಾದ್ದರಿಂದ, ದತ್ತಸಂಚಯಕ್ಕೆ ಸೇರಿಸುವ ಮೊದಲು ಯೂನಿಕೋಡ್ ಪ್ರಮಾಣೀಕರಣ ಮಾಡಿಕೊಳ್ಳುವುದು ಕ್ಷೇಮ.

ಫಾಂಟ್ ಮತ್ತು ಪುಟ ವಿನ್ಯಾಸ

ಪುಣೆಯ ಕನ್ನಡ ಸಂಸ್ಥೆಗಳ ತಾಣಕ್ಕೆ ಒಂದೇ ಲಿಪಿ ಸಾಲುವುದಿಲ್ಲ. ಗಣೇಶನಗರದ ಪುಣೆ ಕನ್ನಡ ಸಂಘದಂತೆ ಶಾಲೆ ಕಾಲೇಜು ನಡೆಸುವ ಸಂಸ್ಥೆಯ ಓದುಗರಲ್ಲಿ ಕನ್ನಡದವರು, ಮರಾಠಿಯವರು, ಇಂಗ್ಲಿಷ್ ಮಾತ್ರ ಓದುವ ಮಕ್ಕಳು ಎಲ್ಲರೂ ಇರುತ್ತಾರೆ. ಹೀಗಿರುವಾಗ ಮೂರೂ ಲಿಪಿಗಳಿಗೆ ಒಂದೇ ಕುಟುಂಬದ ಫಾಂಟ್ ಆರಿಸುವುದು ಜಾಣತನ. ಗೂಗಲ್‌ನ ನೋಟೊ ಕುಟುಂಬದಲ್ಲಿ ಎಲ್ಲವೂ ಇವೆ. ಮುಂಬೈನ ಏಕ್ ಟೈಪ್ ರೂಪಿಸಿದ ಬಾಲೂ ಮತ್ತು ಅನೇಕ್ ಕುಟುಂಬಗಳಲ್ಲಿ ಕನ್ನಡ, ದೇವನಾಗರಿ, ರೋಮನ್ ಒಂದೇ ಹದದಲ್ಲಿವೆ. ದೀರ್ಘ ಓದಿಗೆ ಟೀರೋ ಕನ್ನಡ ಸೊಗಸಾದ ಆಯ್ಕೆ. ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಹುಟ್ಟಿದ ಈ ಕುಟುಂಬದಲ್ಲಿ ಮರಾಠಿಗೆಂದೇ ಪ್ರತ್ಯೇಕ ದೇವನಾಗರಿ ಇದೆ. ಇವೆಲ್ಲ ಉಚಿತ. ಕನ್ನಡಕ್ಕಷ್ಟೇ ಸಾಕೆಂದರೆ ಲೋಹಿತ್ ಜೊತೆಗೆ ಗುಬ್ಬಿ, ನವಿಲು ಫಾಂಟ್‌ಗಳೂ ಇವೆ.

ಪುಟದ ಸಂಕೇತದಲ್ಲಿ ಪ್ರತಿ ಭಾಗದ ಭಾಷೆಯನ್ನು ನಮೂದಿಸಬೇಕು. ಮರಾಠಿಯ ಲಕಾರ, ಶಕಾರಗಳು ಹಿಂದಿಯವಕ್ಕಿಂತ ಭಿನ್ನವಾಗಿ ಮೂಡುವುದು ಈ ನಮೂದನ್ನು ನೋಡಿಯೇ. ಕನ್ನಡ ಲಿಪಿಯಲ್ಲಿ ಬರೆದ ತುಳು, ಕೊಂಕಣಿಗಳಿಗೂ ಅವುಗಳದೇ ಭಾಷಾ ಸಂಕೇತ ಕೊಡಬೇಕು, ಎಲ್ಲವನ್ನೂ ಕನ್ನಡವೆಂದು ಗುರುತಿಸಬಾರದು.

ಕನ್ನಡದ ಒತ್ತಕ್ಷರ ಸಾಲಿನ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಇಟ್ಟ ಸಾಲಂತರವನ್ನೇ ಇಟ್ಟರೆ ಒಂದು ಸಾಲಿನ ಒತ್ತು ಮುಂದಿನ ಸಾಲಿನ ಗುಡಿಸನ್ನು ಮುಟ್ಟುತ್ತದೆ. ಅಕ್ಷರಗಾತ್ರದ 1.6ರಿಂದ 1.8 ಪಟ್ಟು ಅಂತರ ಸಾಮಾನ್ಯವಾಗಿ ಹಿತವಾಗಿರುತ್ತದೆ. ಗುಂಡಿಗಳ ಎತ್ತರವನ್ನು ಬಿಗಿಯಾಗಿ ಕಟ್ಟಬಾರದು, ‘ಸ್ಪಷ್ಟೀಕರಣ’ದ ಬುಡ ಕತ್ತರಿಸಿಹೋಗುತ್ತದೆ. ವಿಭಕ್ತಿ, ಸಂಧಿಗಳಿಂದ ಕನ್ನಡದ ಪದ ಉದ್ದವಾಗುತ್ತ ಹೋಗುವುದರಿಂದ ಮೊಬೈಲಿನ ಕಿರಿದಾದ ಅಂಕಣದಲ್ಲಿ ಎರಡೂ ಬದಿ ಸಮ ಮಾಡಿದ ಪಠ್ಯ ತೂತುತೂತಾಗಿ ಕಾಣುತ್ತದೆ. ಎಡಕ್ಕೆ ಜೋಡಿಸುವುದೇ ಮೇಲು. ಭಾಷಾ ತಂತ್ರಜ್ಞ ಸಂತೋಷ್ ತೊಟ್ಟಿಂಗಲ್ ರಚಿಸಿದ ಪದವಿಭಜನೆಯ ನಿಯಮಗಳಲ್ಲಿ ಕನ್ನಡವೂ ಇದೆ. ಅವನ್ನು ಬಳಸಿದರೆ ಉದ್ದದ ಪದಗಳು ಸರಿಯಾದ ಜಾಗದಲ್ಲಿ ಮುರಿಯುತ್ತವೆ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಅಲಂಕಾರ ಕನ್ನಡಕ್ಕೆ ಹೊಂದುವುದಿಲ್ಲ.

ವೇಗ, ವಿಳಾಸ, ಸಂಗ್ರಹ

ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಸರ್ವರಿನಲ್ಲಿ ಸಂಕುಚನ ಚಾಲೂ ಮಾಡಿದರೆ ಈ ಭಾರ ಬಹುಪಾಲು ಇಳಿಯುತ್ತದೆ. ಹೆಚ್ಚು ತೂಕ ಫಾಂಟ್ ಕಡತದ್ದು. ಅದನ್ನು ವಾಫ್2 ರೂಪದಲ್ಲಿ, ಕನ್ನಡದ ಸ್ಥಾನಗಳಿಗೆ ಸೀಮಿತಗೊಳಿಸಿ ಕೊಡಬೇಕು. ಫಾಂಟ್ ಇಳಿಯುವ ತನಕ ಯಂತ್ರದಲ್ಲೇ ಇರುವ ಫಾಂಟಿನಲ್ಲಿ ಪಠ್ಯ ಕಾಣುವಂತೆಯೂ ನೋಡಿಕೊಳ್ಳಬೇಕು. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ, ಒತ್ತಿದ ಗುಂಡಿಗೆ ಉತ್ತರ 200 ಮಿಲಿಸೆಕೆಂಡಿನೊಳಗೆ ಬರಬೇಕೆಂಬುದು ಗೂಗಲ್‌ನ ಈಗಿನ ಅಳತೆಗೋಲು. ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಇದನ್ನು ಉಚಿತವಾಗಿ ಪರೀಕ್ಷಿಸಬಹುದು. ತಾಣವನ್ನು ಹತ್ತಿರದ ಸರ್ವರಿನಲ್ಲಿ ಇಟ್ಟರೆ ಕಾಯುವ ಸಮಯ ತಗ್ಗುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ 2015ರಲ್ಲಿ ಭಾರತದಲ್ಲಿ ತೆರೆದ ಮೂರು ಕೇಂದ್ರಗಳಲ್ಲಿ ಒಂದು ಪುಣೆಯಲ್ಲಿದೆ. ವರ್ಡ್‌ಪ್ರೆಸ್ ತಾಣಗಳನ್ನು ಸ್ವಂತ ಸರ್ವರಿನಲ್ಲಿ ನಡೆಸುವವರಿಗೆ ಪುಣೆಯ ಆರ್‌ಟಿಕ್ಯಾಂಪ್ ಸಂಸ್ಥೆ ರೂಪಿಸಿದ ಮುಕ್ತ ತಂತ್ರಾಂಶ ಈಸಿಎಂಜಿನ್ ಕೆಲಸವನ್ನು ಹಗುರ ಮಾಡುತ್ತದೆ.

ಪುಟದ ವಿಳಾಸವನ್ನು ಕನ್ನಡದಲ್ಲಿ ಇಡಬಹುದು. ಆದರೆ ಅದನ್ನು ನಕಲು ಮಾಡಿ ಕಳುಹಿಸಿದಾಗ ಒಂದೊಂದು ಸಂಕೇತವೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುವುದರಿಂದ, ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಕೊಂಡಿಗಳಿಗೆ ಚಿಕ್ಕ ವಿಳಾಸ ಒಳ್ಳೆಯದು. ಡಾಟ್ ಭಾರತ ಎಂಬ ಮೇಲ್ಮಟ್ಟದ ಡೊಮೇನ್ ಕನ್ನಡ ಲಿಪಿಯಲ್ಲೂ ಇದೆ, ಅದನ್ನು ಭಾರತದ ರಾಷ್ಟ್ರೀಯ ಇಂಟರ್ನೆಟ್ ವಿನಿಮಯ ಸಂಸ್ಥೆಯಾದ ನಿಕ್ಸಿ ನಿರ್ವಹಿಸುತ್ತದೆ. ಕನ್ನಡ ಡೊಮೇನ್ ಕೊಂಡವರು ಇಂಗ್ಲಿಷ್ ಹೆಸರನ್ನೂ ಇಟ್ಟುಕೊಳ್ಳಬೇಕಾದ ಸ್ಥಿತಿ ಇನ್ನೂ ಇದೆ, ಏಕೆಂದರೆ ಹಲವು ತಾಣಗಳ ಅರ್ಜಿಗಳು ಕನ್ನಡ ಇಮೇಲ್ ವಿಳಾಸವನ್ನು ಒಪ್ಪುವುದಿಲ್ಲ. ಡೊಮೇನ್ ನೋಂದಣಿ ತಾಣದ ಒಡೆತನದ ಸಂಸ್ಥೆಯ ಹೆಸರಿನಲ್ಲೇ ಇರಬೇಕು, ತಾಣ ಮಾಡಿಕೊಟ್ಟ ವಿನ್ಯಾಸಕಾರರ ಸ್ವಂತ ಖಾತೆಯಲ್ಲಿ ಇರಬಾರದು. ಸಣ್ಣ ಸಂಘಗಳು ವಿಳಾಸ ಕಳೆದುಕೊಳ್ಳುವುದು ಹೆಚ್ಚಾಗಿ ಹೀಗೆಯೇ. ಸುರಕ್ಷಾ ಪ್ರಮಾಣಪತ್ರ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ಉಚಿತವಾಗಿ ಸಿಗುತ್ತದೆ. ಅದಿಲ್ಲದ ತಾಣವನ್ನು ಕ್ರೋಮ್ 2018ರಿಂದ ಅಸುರಕ್ಷಿತವೆಂದು ತೋರಿಸುತ್ತಿದೆ.

ಎಲ್ಲರಿಗೂ ಓದು

ದೃಷ್ಟಿ ಇಲ್ಲದವರು ಬಳಸುವ ಎನ್‌ವಿಡಿಎ ಎಂಬ ಉಚಿತ ಪರದೆವಾಚಕ, ಇ-ಸ್ಪೀಕ್ ಧ್ವನಿಯ ಮೂಲಕ ಕನ್ನಡವನ್ನು ಓದಿಹೇಳುತ್ತದೆ. ಪಠ್ಯ ಯೂನಿಕೋಡ್‌ನಲ್ಲಿದ್ದು ಭಾಷೆಯ ನಮೂದು ಸರಿಯಿದ್ದರೆ ಮಾತ್ರ ಈ ಸೌಲಭ್ಯ ಫಲಿಸುತ್ತದೆ. ಚಿತ್ರಗಳಿಗೆ ಕನ್ನಡದಲ್ಲೇ ವಿವರಣೆ ಬರೆಯಬೇಕು. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬಣ್ಣದ ಅಂತರ ಇರಬೇಕೆಂದು ಜಾಗತಿಕ ಮಾರ್ಗಸೂಚಿ ಹೇಳುತ್ತದೆ. ಅರ್ಜಿ ತುಂಬಿಸುವ ಪುಟಗಳಲ್ಲಿ ಫೋನ್ ಸಂಖ್ಯೆ, ಪಿನ್‌ಕೋಡ್‌ಗಳನ್ನು ಕನ್ನಡ ಅಂಕಿಗಳಲ್ಲಿ ಬರೆದರೂ ಸ್ವೀಕರಿಸಿ ಒಳಗೆ ಬದಲಿಸಿಕೊಳ್ಳುವುದು ಸುಲಭದ ಕೆಲಸ, ಆದರೂ ಮಾಡುವವರು ಕಡಿಮೆ.

ಕಲಿಕೆ ಮತ್ತು ಕಾನೂನು

ಪುಣೆಯಲ್ಲಿ ಕಲಿಯಬಯಸುವವರಿಗೆ ಸಿ-ಡ್ಯಾಕ್‌ನ ತರಬೇತಿ ವಿಭಾಗ ಆಕ್ಟ್ಸ್ ನಡೆಸುವ ಸ್ನಾತಕೋತ್ತರ ಡಿಪ್ಲೊಮಾ ತಂತ್ರಾಂಶದ ಕಡೆಯಿಂದ, ಸಿಂಬಯಾಸಿಸ್ ಮತ್ತು ಎಂಐಟಿ ವಿನ್ಯಾಸ ಸಂಸ್ಥೆಗಳು ಕಲೆಯ ಕಡೆಯಿಂದ ದಾರಿ ತೋರುತ್ತವೆ.

ತಾಣದ ಒಡೆಯರಿಗೆ ಕಾನೂನಿನ ಹೊಣೆಯೂ ಇದೆ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ಆದೇಶದ ಪ್ರಕಾರ ಸಂಸ್ಥೆಗಳು ಸೈಬರ್ ದಾಳಿಯ ಸುದ್ದಿಯನ್ನು ಗಮನಕ್ಕೆ ಬಂದ ಆರು ಗಂಟೆಯೊಳಗೆ ತಿಳಿಸಬೇಕು, ದಾಖಲೆಗಳನ್ನು 180 ದಿನ ಉಳಿಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ ಇನ್ನೂ ಮುಖ್ಯವಾದ ಮಾತೊಂದನ್ನು ಹೇಳುತ್ತದೆ. ಜನರ ಹೆಸರು, ಫೋನ್ ಸಂಖ್ಯೆ ಕೇಳುವಾಗ ಕೊಡುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಅವರಿಗೆ ಇರಬೇಕು. ಆ ಅನುಸೂಚಿಯಲ್ಲಿ ಕನ್ನಡ, ಮರಾಠಿ ಎರಡೂ ಇರುವುದರಿಂದ ಪುಣೆಯ ಕನ್ನಡ ಸಂಸ್ಥೆಗಳು ತಮ್ಮ ಅರ್ಜಿ ಪುಟದ ಸೂಚನೆಯನ್ನು ಈಗಲೇ ಮೂರು ಭಾಷೆಗಳಲ್ಲಿ ಬರೆಸಿಟ್ಟುಕೊಳ್ಳುವುದು ಒಳಿತು.