ಒಡೆತನದ ಬದಲಾವಣೆಯೂ ಆಯ್ದಕ್ಕಿಯ ನ್ಯಾಯವೂ

ಸಂಪತ್ತು ಕೆಲವರಲ್ಲಿಯೇ ಶೇಖರವಾಗುವುದು, ಅಧಿಕಾರವು ಹಣಕ್ಕೆ ಮಾರಾಟವಾಗುವುದು ಯಾವ ವ್ಯವಸ್ಥೆಯಲ್ಲಿ ಹೆಚ್ಚು ಎಂಬ ವಿವಾದ ಇಪ್ಪತ್ತನೆಯ ಶತಮಾನವನ್ನೆಲ್ಲ ಆವರಿಸಿತ್ತು. ಖಾಸಗಿ ಒಡೆತನವೇ ಸರ್ವ ಅನರ್ಥಗಳ ಮೂಲವೆಂದು ಸಮತಾವಾದಿಗಳು ಸಾರಿದರು. ಎಲ್ಲವನ್ನೂ ಸರ್ಕಾರಕ್ಕೆ ಒಪ್ಪಿಸುವುದೇ ಲಂಚಕ್ಕೆ ಹೆಬ್ಬಾಗಿಲೆಂದು ಬಂಡವಾಳಶಾಹಿಯ ಸಮರ್ಥಕರು ಮರುನುಡಿದರು. ಈ ವಾದವನ್ನು ಗ್ರಂಥಗಳಲ್ಲಿ ಮಾತ್ರವಲ್ಲದೆ ನೆಲದ ಮೇಲೆಯೂ ಪರೀಕ್ಷಿಸಬಹುದು. ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಸೀಮೆ ಅದಕ್ಕೆ ಯೋಗ್ಯವಾದ ನಿದರ್ಶನ.

ಈ ಸೀಮೆ 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. ಜಾಗೀರು ಗ್ರಾಮಗಳಲ್ಲಿ ಕಂದಾಯವು ಜಾಗೀರದಾರನಿಗೆ ಸಲ್ಲುತ್ತಿತ್ತು. ಅದೇ ಸಂಸ್ಥಾನದ ತೆಲಂಗಾಣ ಭಾಗದಲ್ಲಿ 1946ರಿಂದ 1951ರವರೆಗೆ ಕಮ್ಯುನಿಸ್ಟರ ಮುಂದಾಳುತನದಲ್ಲಿ ರೈತರು ಶಸ್ತ್ರ ಹಿಡಿದು ದೊಡ್ಡ ಹಿಡುವಳಿದಾರರನ್ನು ಎದುರಿಸಿದರು. ಜಾಗೀರುಗಳು 1949ರಲ್ಲಿ ರದ್ದಾದವು. ಮುಂದೆ 1974ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿದಾರರಿಗೆ ಭೂಮಿಯ ಹಕ್ಕು ದೊರೆಯುವಂತಾಯಿತು. ಹೀಗೆ ಹಳೆಯ ಒಡೆತನವೇನೋ ಅಳಿಯಿತು. ಆದರೆ ಅಸಮಾನತೆ ಅಳಿಯಿತೆ?

ತುಂಗಭದ್ರಾ ಜಲಾಶಯದ ಕಾಲುವೆಗಳಲ್ಲಿ 1953ರಲ್ಲಿ ನೀರು ಹರಿಯತೊಡಗಿತು. ಸುಮಾರು 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆಯನ್ನು ಯೋಜಿಸಿದಾಗ, ಬರಗಾಲದ ಸೀಮೆಗೆ ನೀರನ್ನು ತೆಳುವಾಗಿ ಹಂಚಿ, ಹೆಚ್ಚು ಜನರ ಜೋಳ, ಹತ್ತಿಗಳನ್ನು ಉಳಿಸಬೇಕೆಂಬುದೇ ಮುಖ್ಯ ಉದ್ದೇಶವಾಗಿತ್ತು. ಯಾವ ಹೊಲಕ್ಕೆ ಯಾವ ಬೆಳೆಯೆಂಬುದನ್ನೂ ಮೊದಲೇ ಗೊತ್ತುಪಡಿಸಲಾಗಿತ್ತು. ಆಂಧ್ರದ ಕರಾವಳಿಯಿಂದ ಬಂದ ಅನುಭವಿ ರೈತರು ಭೂಮಿ ಕೊಂಡು ಕ್ಯಾಂಪುಗಳನ್ನು ಕಟ್ಟಿಕೊಂಡರು. ಸಿಂಧನೂರು ಭತ್ತದ ಕಣಜವಾಯಿತು. ಅವರ ದುಡಿಮೆ ನಿರಾಕರಿಸತಕ್ಕದ್ದಲ್ಲ. ಆದರೆ ಗೊತ್ತುಪಡಿಸಿದ್ದನ್ನು ಮೀರಿ ಮೇಲ್ಭಾಗದಲ್ಲಿ ಭತ್ತ ಹಬ್ಬಿದಂತೆ ಕೆಳಭಾಗಕ್ಕೆ ನೀರು ಕ್ಷೀಣಿಸಿತು. ಮಾನ್ವಿ, ರಾಯಚೂರು ಕಡೆಯ ಕೊನೆಯಂಚಿನ ಒಕ್ಕಲಿಗನಿಗೆ ನಕ್ಷೆಯಲ್ಲಿ ನೀರುಂಟು, ಹೊಲದಲ್ಲಿಲ್ಲ. ಅಂಥವನು ಕುಟುಂಬಸಮೇತ ಗುಳೆ ಹೋಗಬೇಕಾಗುತ್ತದೆ. ಮಸ್ಕಿ ಭಾಗದ ಪಾಮನಕಲ್ಲೂರಿನಲ್ಲಿ 2020–21ರಲ್ಲಿ ರೈತರು ನಾರಾಯಣಪುರ ಬಲದಂಡೆಯ 5ಎ ಕಾಲುವೆಗಾಗಿ ದೀರ್ಘ ಧರಣಿ ಕುಳಿತದ್ದು ಇದೇ ಬಾಯಾರಿಕೆಯಿಂದ. ನೀರು ಸರ್ಕಾರದ್ದು, ಭೂಮಿ ಖಾಸಗಿಯವರದು. ಹಣ ಮತ್ತು ವರ್ಚಸ್ಸುಳ್ಳವನ ಕಡೆಗೆ ತೂಬು ತೆರೆಯುವ ಸಂಭವವೇ ಹೆಚ್ಚು.

ಭೂಮಿಯೂ ಸರ್ಕಾರದ್ದೇ ಆಗಿದ್ದಲ್ಲಿ ಈ ದೋಷ ತೊಲಗುತ್ತಿತ್ತೆ? ಸೋವಿಯತ್ ಒಕ್ಕೂಟದ ಉಜ್ಬೇಕಿಸ್ತಾನ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಜಮೀನ್ದಾರರಿರಲಿಲ್ಲ. ಸಾಕ್ಷರತೆ, ವೈದ್ಯಸೌಲಭ್ಯಗಳು ಬಡವರ ಮನೆ ತಲುಪಿದವೆಂಬುದು ಸತ್ಯ. ಆದರೆ ಮಾಸ್ಕೋ ವಿಧಿಸಿದ ಹತ್ತಿಯ ಗುರಿ ಮುಟ್ಟಲೆಂದು ಅಮು ದರ್ಯಾ, ಸಿರ್ ದರ್ಯಾ ನದಿಗಳನ್ನು ಕಾಲುವೆಗಳಿಗೆ ತಿರುಗಿಸಿದುದರಿಂದ, 1960ರ ಸುಮಾರಿಗೆ ಪ್ರಪಂಚದ ನಾಲ್ಕನೆಯ ಅತಿದೊಡ್ಡ ಸರೋವರವಾಗಿದ್ದ ಅರಾಲ್ ಬತ್ತತೊಡಗಿತು. ಗುರಿ ಮುಟ್ಟದಾಗ, ಬೆಳೆಯದ ಹತ್ತಿಯನ್ನು ಬೆಳೆದಂತೆ ಲೆಕ್ಕ ಬರೆದು, ಅದರ ಹಣವನ್ನು ಅಧಿಕಾರಿಗಳು ಹಂಚಿಕೊಂಡರು. 1959ರಿಂದ 1983ರವರೆಗೆ ಅಲ್ಲಿನ ಪಕ್ಷದ ಮುಖ್ಯಸ್ಥನಾಗಿದ್ದ ರಷಿದೋವನ ಮರಣಾನಂತರ ಈ ಹಗರಣದ ವಿಸ್ತಾರ ಬೆಳಕಿಗೆ ಬಂದಿತು. ಬ್ರೆಜ್ನೇವನ ಅಳಿಯ ಚುರ್ಬಾನೋವನಿಗೆ 1988ರಲ್ಲಿ ಲಂಚದ ಅಪರಾಧಕ್ಕಾಗಿ ಹನ್ನೆರಡು ವರ್ಷಗಳ ಶಿಕ್ಷೆಯಾಯಿತು. ಯುಗೊಸ್ಲಾವಿಯದ ಕಮ್ಯುನಿಸ್ಟ್ ನಾಯಕ ಮಿಲೋವಾನ್ ಜಿಲಾಸ್ 1957ರ ತನ್ನ ಗ್ರಂಥದಲ್ಲಿಯೇ, ಆಸ್ತಿಯಿಲ್ಲದಿದ್ದರೂ ಅಧಿಕಾರದಿಂದ ಸುಖಿಸುವ ಹೊಸ ವರ್ಗವೊಂದು ಹುಟ್ಟಿದುದನ್ನು ತೋರಿಸಿದ್ದನು.

ಇವೆರಡನ್ನೂ ಹೋಲಿಸಿದಾಗ ವಿದಿತವಾಗುವುದಿಷ್ಟು: ಬಂಡವಾಳಶಾಹಿಯಲ್ಲಿ ಹಣವು ಅಧಿಕಾರವನ್ನು ಕೊಳ್ಳುತ್ತದೆ, ಪಕ್ಷಪ್ರಭುತ್ವದಲ್ಲಿ ಅಧಿಕಾರವೇ ಹಣದ ಕೆಲಸ ಮಾಡುತ್ತದೆ. ಮೊದಲನೆಯದರಲ್ಲಿ ಅಸಮಾನತೆ ಅಗಾಧ, ಆದರೆ ಕಣ್ಣಿಗೆ ಕಾಣುವಂಥದು. ಎರಡನೆಯದರಲ್ಲಿ ಅದು ಸಂಬಳದಲ್ಲಿ ಕಡಿಮೆ, ಸೌಲಭ್ಯದಲ್ಲಿ ಗುಪ್ತ. ಇಲ್ಲಿಯ ರೈತನಿಗೆ ರಸ್ತೆಯಲ್ಲಿ ಕುಳಿತು ಕೂಗುವ ಹಕ್ಕುಂಟು, ಅಲ್ಲಿಯವನಿಗೆ ಅದಿರಲಿಲ್ಲ. ಈ ಭೇದ ಅಲ್ಪವಲ್ಲ. ಆದರೂ ಕೂಗುವ ಹಕ್ಕು ನೀರಾಗಲಾರದು ಎಂಬುದನ್ನು ಮರೆಯಬಾರದು.

ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರವು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಶರಣದಂಪತಿಗಳ ನೆಲೆಯೆಂಬುದು ಪ್ರಸಿದ್ಧವಾಗಿದೆ. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕ ಮಾರಯ್ಯನವರದು. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ತಂದಾಗ, ಲಕ್ಕಮ್ಮ ಅದನ್ನು ಒಪ್ಪದೆ, ಹೆಚ್ಚಾದುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದ ಪ್ರಸಂಗ ಶೂನ್ಯಸಂಪಾದನೆಯ ಓದುಗರಿಗೆ ಪರಿಚಿತ. ಆ ಅಕ್ಕಿ ಕದ್ದದ್ದಲ್ಲ. ಆದರೂ ಅದು ತಮ್ಮ ಪಾಲಲ್ಲವೆಂಬುದು ಆಕೆಯ ನಿಲುವು. ಇದು ಕೇವಲ ವೈಯಕ್ತಿಕ ವೈರಾಗ್ಯವೆಂದು ಭಾವಿಸಿದರೆ ಅರ್ಥ ಸಂಕುಚಿತವಾಗುತ್ತದೆ. ಮನೆಯೊಳಗೆ ಲೆಕ್ಕ ಕೇಳುವವರೊಬ್ಬರಿದ್ದರು, ತಂದವರು ಉತ್ತರ ಕೊಟ್ಟರು ಎಂಬುದೇ ಇಲ್ಲಿಯ ತಿರುಳು. ತಾಷ್ಕೆಂಟಿನ ಕಚೇರಿಯಲ್ಲಿ ಹಾಗೆ ಕೇಳುವವರಿರಲಿಲ್ಲ; ಎಡದಂಡೆಯ ತೂಬಿನಲ್ಲಿ ಕೇಳಿದರೂ ಉತ್ತರ ಕೊಡುವವರು ವಿರಳ.

ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ದೊರೆತ ಶಾಸನದಲ್ಲಿ ಅಶೋಕನು, ಧರ್ಮದ ಫಲ ದೊಡ್ಡವರಿಗಷ್ಟೇ ಅಲ್ಲ, ಸಣ್ಣವರಿಗೂ ಲಭ್ಯವೆಂದು ತಿಳಿಸಬೇಕೆನ್ನುತ್ತಾನೆ. ಕಾಲುವೆಯ ನೀರಿನ ವಿಷಯದಲ್ಲಿ ಆ ಮಾತು ಇನ್ನೂ ಈಡೇರಬೇಕಾಗಿದೆ. ಯಾವ ತೂಬಿನಿಂದ ಎಷ್ಟು ನೀರು ಹರಿಯಿತೆಂಬ ಲೆಕ್ಕವನ್ನು ಕೊನೆಯ ಹೊಲದವನೂ ಓದುವಂತೆ ಊರ ನಡುವೆ ಬರೆದಿಡುವುದರಿಂದ ಆ ಕಾರ್ಯ ಆರಂಭವಾಗಬಹುದು.