ಚಕ್ರದ ಮೇಲಿನ ಭೂತಬಂಗಲೆ

ಅಮೆರಿಕದ ನ್ಯೂಜೆರ್ಸಿಯಲ್ಲಿ ‘ಸಿಕ್ಸ್ ಫ್ಲ್ಯಾಗ್ಸ್ ಗ್ರೇಟ್ ಅಡ್ವೆಂಚರ್’ ಅನ್ನೋ ದೊಡ್ಡ ಥೀಮ್ ಪಾರ್ಕ್ ಇದೆ. 1979ರಲ್ಲಿ ಅಲ್ಲೊಂದು ಭೂತಬಂಗಲೆ ಶುರುವಾಯ್ತು, ಹೆಸರು ‘ಹಾಂಟೆಡ್ ಕ್ಯಾಸಲ್’. ಮುಂದಿನಿಂದ ನೋಡಿದರೆ ಕೋಟೆ. ಹಿಂದೆ ಹೋಗಿ ನೋಡಿದರೆ ಒಂದಕ್ಕೊಂದು ಜೋಡಿಸಿಟ್ಟ 17 ಟ್ರೈಲರ್‌ಗಳು. ಹೈವೇಯಲ್ಲಿ ಲಾರಿಗಳು ಎಳ್ಕೊಂಡು ಹೋಗ್ತವಲ್ಲ, ಅಂಥ ಡಬ್ಬಗಳು. ಒಳಗೆ ಪ್ಲೈವುಡ್, ಬಟ್ಟೆ, ಫೋಮ್, ಕತ್ತಲು.

ಈ ಟ್ರೈಲರ್‌ಗಳಿಗೆ ಚಕ್ರ ಇತ್ತು ಅನ್ನೋದೇ ಕಥೆಯ ಮುಖ್ಯ ಅಂಶ. ಚಕ್ರ ಇದ್ದಿದ್ದರಿಂದ ಅದು ಕಟ್ಟಡ ಅಲ್ಲ, ‘ತಾತ್ಕಾಲಿಕ ರಚನೆ’ ಅಂತಾಯ್ತು. ಕಟ್ಟಡಕ್ಕಿದ್ದ ನಿಯಮಗಳು ಇದಕ್ಕೆ ತಗುಲಲಿಲ್ಲ. ಸ್ಪ್ರಿಂಕ್ಲರ್ ಇಲ್ಲ, ಹೊಗೆ ಪತ್ತೆ ಮಾಡೋ ಸಾಧನವೂ ಇಲ್ಲ. ಹೀಗೇ ಐದು ವರ್ಷ ನಡೀತು. ತಾತ್ಕಾಲಿಕ ಅಂದ್ರೆ ಎಷ್ಟು ದಿನ ಅಂತ ಯಾರೂ ಕೇಳಿದ ಹಾಗಿಲ್ಲ.

1984ರ ಮೇ 11ರ ಸಂಜೆ ಒಳಗೆ ಬೆಂಕಿ ಬಿತ್ತು. ಒಂದು ಕಡೆ ಮಿಣುಕುವ ದೀಪ ಕೆಟ್ಟಿತ್ತಂತೆ; ದಾರಿ ಕಾಣಲಿ ಅಂತ ಒಬ್ಬ ಹುಡುಗ ಲೈಟರ್ ಹಚ್ಚಿದ, ಅದು ಗೋಡೆಗಿದ್ದ ಫೋಮ್‌ಗೆ ತಗುಲಿತು ಅನ್ನೋದು ತನಿಖೆಯಲ್ಲಿ ಬಂದ ವಿವರಣೆ. ಸತ್ತವರು ಎಂಟು ಜನ, ಎಲ್ಲರೂ ಹದಿಹರೆಯದವರು. ಅಗ್ನಿಶಾಮಕದವರು ಒಳಗೆ ಹೋದಾಗ ಶವಗಳನ್ನು ಮೊದಲು ಪ್ರದರ್ಶನದ ಬೊಂಬೆಗಳು ಅಂದುಕೊಂಡರು ಅಂತ ವರದಿಯಾಗಿತ್ತು.

ಯೋಚನೆ ಮಾಡಿ: ಭೂತಬಂಗಲೆಯಲ್ಲಿ ಯಾರಾದರೂ ಕಿರುಚಿದರೆ ನೀವೇನು ಮಾಡ್ತೀರಾ? ನಗ್ತೀರಾ. ಹೊಗೆ ಬಂದರೆ ಎಫೆಕ್ಟ್ ಚೆನ್ನಾಗಿದೆ ಅಂತೀರಾ. ಬಾಗಿಲು ಸಿಗದೇ ಇದ್ದರೆ ಅದೂ ಆಟದ ಭಾಗ. ಬೇರೆಲ್ಲ ಕಡೆ ಅಪಾಯದ ಸೂಚನೆ ಅನ್ನಿಸೋದನ್ನೇ ಇಲ್ಲಿ ದುಡ್ಡು ಕೊಟ್ಟು ಕೊಂಡಿರ್ತೀವಿ.

ಪಾರ್ಕ್ ಮತ್ತು ಅದರ ಮಾತೃಸಂಸ್ಥೆಯ ಮೇಲೆ ನರಹತ್ಯೆಯ ಆರೋಪ ಬಂತು. ಅಲಾರಂ, ಸ್ಪ್ರಿಂಕ್ಲರ್ ಹಾಕಿಸಿ ಅನ್ನೋ ಸಲಹೆಯನ್ನು ಕಂಪನಿ ಕಡೆಗಣಿಸಿತು ಅಂತ ಸರ್ಕಾರಿ ವಕೀಲರ ವಾದ. ಯಾರೋ ಬೇಕಂತಲೇ ಹಚ್ಚಿದ ಬೆಂಕಿ, ಏನು ಹಾಕಿಸಿದ್ದರೂ ಉಳಿಸೋಕೆ ಆಗ್ತಿರಲಿಲ್ಲ ಅಂತ ಕಂಪನಿಯ ವಾದ. 1985ರಲ್ಲಿ ಜ್ಯೂರಿ ಕಂಪನಿಯನ್ನು ಖುಲಾಸೆ ಮಾಡಿತು. ನ್ಯಾಯ ಸಿಕ್ಕಿತಾ? ನನಗಂತೂ ಹಾಗನ್ನಿಸೋದಿಲ್ಲ.

ಆದರೆ ನಿಯಮಗಳು ಬದಲಾದವು. ಅಮೆರಿಕದ ಅಗ್ನಿಸುರಕ್ಷತಾ ಸಂಹಿತೆಗಳಲ್ಲಿ ‘ವಿಶೇಷ ಮನರಂಜನಾ ಕಟ್ಟಡ’ ಅನ್ನೋ ಪ್ರತ್ಯೇಕ ವರ್ಗ ಬಂತು. ಟ್ರೈಲರ್ ಆಗಲಿ, ಟೆಂಟ್ ಆಗಲಿ, ಬೇಕಂತಲೇ ದಾರಿ ತಪ್ಪಿಸೋ ಜಾಗ ಅಂದ್ರೆ ಈ ವರ್ಗಕ್ಕೇ ಸೇರುತ್ತೆ. ಇದರಲ್ಲಿ ನನಗೆ ತುಂಬಾ ಹಿಡಿಸಿದ ನಿಯಮ ಒಂದಿದೆ: ಹೊಗೆ ಪತ್ತೆಯಾದ ಕೂಡಲೇ ದೀಪಗಳು ಹತ್ತಬೇಕು, ಗೊಂದಲ ಮಾಡೋ ಸದ್ದು, ದೃಶ್ಯ ಎಲ್ಲ ನಿಲ್ಲಬೇಕು. ಅಂದ್ರೆ ನಿಜವಾದ ಭಯ ಬಂದ ತಕ್ಷಣ ನಾಟಕದ ಭಯ ಜಾಗ ಬಿಡಬೇಕು.

ಇದಕ್ಕೆ ಬೆಲೆಯೂ ತೆರಬೇಕಾಯ್ತು. ಎಪ್ಪತ್ತರ ದಶಕದಲ್ಲಿ ಜೇಸೀಸ್‌ನಂಥ ಸಂಘಗಳು ಹ್ಯಾಲೋವೀನ್ ಸಮಯದಲ್ಲಿ ಚಂದಾ ಎತ್ತೋಕೆ ಊರೂರಲ್ಲಿ ಭೂತಬಂಗಲೆ ಹಾಕ್ತಿದ್ದವು. ಹೊಸ ನಿಯಮದ ಖರ್ಚು ತಡೆಯಲಾರದೆ ಎಷ್ಟೋ ಮುಚ್ಚಿದವು. ಹಾಗಂತ ಚಿಕ್ಕವರನ್ನು ಪೂರ್ತಿ ಮರೆತಿಲ್ಲ. ಅಂತರರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ, ತಾತ್ಕಾಲಿಕ ಭೂತಬಂಗಲೆ 1,000 ಚದರಡಿಗಿಂತ ಚಿಕ್ಕದಿದ್ದು (ನಮ್ಮ ಒಂದು ಟೂ ಬಿಎಚ್‌ಕೆ ಅನ್ನಿ), ಎಲ್ಲಿಂದಲಾದರೂ 50 ಅಡಿಯೊಳಗೆ ಬಾಗಿಲು ಸಿಗೋ ಹಾಗಿದ್ದರೆ ಸ್ಪ್ರಿಂಕ್ಲರ್ ಬೇಕಿಲ್ಲ. ‘ತಾತ್ಕಾಲಿಕ’ ಅನ್ನೋ ಪದ ಇಲ್ಲೂ ಇದೆ, ಆದರೆ ಅದೊಂದೇ ಸಾಲದು, ಅಳತೆಯೂ ಹೊಂದಬೇಕು.

ನಮ್ಮ ದೇಶದಲ್ಲಿ 2024ರ ಮೇ 25ರಂದು ರಾಜ್‌ಕೋಟ್‌ನ ಗೇಮ್ ಝೋನ್‌ಗೆ ಬೆಂಕಿ ಬಿತ್ತು. 27 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಅದು ತಗಡಿನ ಶೀಟುಗಳಿಂದ ಎಬ್ಬಿಸಿದ್ದ ರಚನೆ, ಅಗ್ನಿಶಾಮಕ ಇಲಾಖೆಯ ಎನ್‌ಒಸಿ ಇರಲಿಲ್ಲ. ಶಾಶ್ವತ ಕಟ್ಟಡಕ್ಕೆ ಬೇಕಾದ ಅನುಮತಿಗಳನ್ನು ತಪ್ಪಿಸಿಕೊಳ್ಳೋಕೆ ಅದನ್ನು ತಾತ್ಕಾಲಿಕ ಅಂತ ತೋರಿಸಿದ್ದರು ಅನ್ನೋ ಮಾತು ಆಗ ಕೇಳಿಬಂತು. ಜಾಕ್ಸನ್‌ನ ಬೆಂಕಿಗೆ ಆ ತಿಂಗಳು ಸರಿಯಾಗಿ 40 ವರ್ಷ ತುಂಬಿತ್ತು.