ವೈದ್ಯಲಿಪಿಕಾರರ ವೃತ್ತಿಯ ಏಳುಬೀಳು

ಅನ್ಯರ ಮಾತನ್ನು ಬರೆದುಕೊಡುವ ವೃತ್ತಿಯು ನಮ್ಮ ನಾಡಿಗೆ ಹೊಸದಲ್ಲ. ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸ್ ಮಹಾಶಯರು 1892ರಲ್ಲಿ ಬೆಳಕಿಗೆ ತಂದ ಅಶೋಕ ಚಕ್ರವರ್ತಿಯ ಶಾಸನದ ತುದಿಯಲ್ಲಿ ಚಪಡನೆಂಬ ಲಿಪಿಕಾರನ ಹೆಸರು ಕಾಣಬರುತ್ತದೆ. ಶಾಸನವೆಲ್ಲವೂ ಬ್ರಾಹ್ಮೀ ಲಿಪಿಯಲ್ಲಿದ್ದರೂ, ಲಿಪಿಕಾರನೆಂಬ ತನ್ನ ವೃತ್ತಿನಾಮವನ್ನು ಮಾತ್ರ ಆತನು ವಾಯವ್ಯ ದೇಶದ ಖರೋಷ್ಠೀ ಲಿಪಿಯಲ್ಲಿ ಬರೆದನು. ಮಾತು ಚಕ್ರವರ್ತಿಯದು, ಅದನ್ನು ಕಲ್ಲಿನಲ್ಲಿ ನಿಲ್ಲಿಸಿದವನು ತಾನೆಂಬ ಅಭಿಮಾನವು ಆ ಐದು ಅಕ್ಷರಗಳಲ್ಲಿ ಇಂದಿಗೂ ಉಳಿದಿದೆ.

ಈ ವೃತ್ತಿಯ ಧರ್ಮವೇನೆಂಬುದನ್ನು ಭಾರತ ಬರೆದ ಕಥೆಯು ಎರಡು ನಿಬಂಧನೆಗಳಲ್ಲಿ ಅಡಕಮಾಡಿ ಹೇಳಿದೆ. ತನ್ನ ಲೇಖನಿಯು ನಡುವೆ ನಿಲ್ಲಬಾರದೆಂದು ವಿಘ್ನೇಶ್ವರನು ಕೇಳಿದನು. ಅರ್ಥ ತಿಳಿಯದೆ ಒಂದಕ್ಷರವನ್ನೂ ಬರೆಯಬಾರದೆಂದು ವ್ಯಾಸರು ಕೇಳಿದರು. ಮೊದಲನೆಯದು ಕೈಯ ವೇಗ. ಎರಡನೆಯದು ಬುದ್ಧಿಯ ಎಚ್ಚರ. ವೈದ್ಯರು ಹೇಳಿದುದನ್ನು ಕೇಳಿ ಬರೆದುಕೊಡುವ ಒಂದು ವರ್ಗದವರ ಇತಿಹಾಸವನ್ನು ಈ ಎರಡು ನಿಬಂಧನೆಗಳ ಬೆಳಕಿನಲ್ಲಿ ವಾಚಕರ ಮುಂದಿಡುವುದೇ ಪ್ರಕೃತ ಲೇಖನದ ಉದ್ದೇಶ. ಇವರನ್ನು ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನಿಸ್ಟ್ ಎಂದು ಕರೆಯುವುದು ವಾಡಿಕೆ. ನಾವು ವೈದ್ಯಲಿಪಿಕಾರರೆಂದು ಹೇಳೋಣ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ 1919ರಲ್ಲಿ ಶಸ್ತ್ರವೈದ್ಯರ ಮಹಾಸಂಸ್ಥೆಯು ಆಸ್ಪತ್ರೆಗಳಿಗೆ ಕನಿಷ್ಠ ನಿಯಮಗಳನ್ನು ಗೊತ್ತುಮಾಡಿ, ರೋಗಿಗಳ ವೃತ್ತಾಂತವೆಲ್ಲವೂ ಸರಿಯಾಗಿಯೂ ಸಂಪೂರ್ಣವಾಗಿಯೂ ಬರೆದಿಡಲ್ಪಡಬೇಕೆಂದು ವಿಧಿಸಿತು. ಅಂದಿನಿಂದ ಬರವಣಿಗೆಯ ಹೊರೆ ಬೆಳೆಯಿತು. ಪಿಟ್‌ಮನ್ನರು 1837ರಲ್ಲಿ ಪ್ರಕಟಿಸಿದ ಶೀಘ್ರಲಿಪಿಯು ಅದಕ್ಕೆ ಒಂದು ಉಪಾಯ. ಎಡಿಸನ್ನರು 1877ರಲ್ಲಿ ನಿರ್ಮಿಸಿದ ಧ್ವನಿಲೇಖನ ಯಂತ್ರವು ಇನ್ನೊಂದು. ಎಡಿಸನ್ನರು 1878ರಲ್ಲಿ ತಮ್ಮ ಯಂತ್ರದ ಪ್ರಯೋಜನಗಳನ್ನು ಎಣಿಸುವಾಗ, ಸಂಗೀತಕ್ಕಿಂತಲೂ ಮೊದಲು, ಶೀಘ್ರಲಿಪಿಕಾರನ ಸಹಾಯವಿಲ್ಲದೆ ಪತ್ರಗಳನ್ನು ಹೇಳಿ ಬರೆಸುವುದನ್ನೇ ಹೆಸರಿಸಿದರು. ಲಿಪಿಕಾರನನ್ನು ಬಿಟ್ಟು ಕಾರ್ಯ ಸಾಧಿಸಬೇಕೆಂಬ ಆಸೆಯು ಹೀಗೆ ಯಂತ್ರದೊಡನೆಯೇ ಹುಟ್ಟಿತೆನ್ನಬಹುದು. ಆದರೆ ನಡೆದುದು ಬೇರೆ. 1907ರಿಂದ ಡಿಕ್ಟಾಫೋನ್ ಎಂಬ ಹೆಸರಿನಿಂದ ಪ್ರಚಾರಕ್ಕೆ ಬಂದ ಯಂತ್ರವು ಮಾತನ್ನು ಹಿಡಿದಿಟ್ಟಿತೇ ಹೊರತು ಬರೆಯಲಿಲ್ಲ. ವೈದ್ಯರು ಬೇಕಾದಾಗ ಹೇಳಿ ಹೋಗುವರು. ಕಿವಿಗೆ ನಳಿಗೆ ಹಚ್ಚಿಕೊಂಡು ಟೈಪು ಮಾಡುವವರು ಹೆಚ್ಚು ಮಂದಿ ಬೇಕಾದರು. ಈ ವೃತ್ತಿಯವರ ಸಂಘವೊಂದು 1978ರಲ್ಲಿ ಕ್ಯಾಲಿಫೋರ್ನಿಯಾ ಪ್ರಾಂತದ ಮೊಡೆಸ್ಟೋ ಪಟ್ಟಣದಲ್ಲಿ ಸ್ಥಾಪಿತವಾಯಿತು. 1985ರಲ್ಲಿ ಅಧ್ಯಕ್ಷ ರೇಗನ್ನರು ಇವರ ಗೌರವಾರ್ಥವಾಗಿ ಒಂದು ವಾರವನ್ನೇ ಘೋಷಿಸಿದರು.

ಇದು ಬೆರಳಿನ ಕೆಲಸವೆಂದು ತಿಳಿಯುವವರು ಒಂದೆರಡು ಉದಾಹರಣೆಗಳನ್ನು ಗಮನಿಸಬೇಕು. ಇಲಿಯಂ ಎಂಬ ಒಂದೇ ಉಚ್ಚಾರಣೆಯ ಎರಡು ಶಬ್ದಗಳುಂಟು. ಕಾಗುಣಿತದಲ್ಲಿ ಒಂದಕ್ಷರ ಮಾತ್ರ ಭೇದ. ಒಂದು ಸೊಂಟದ ಎಲುಬು, ಇನ್ನೊಂದು ಸಣ್ಣ ಕರುಳಿನ ಕೊನೆಯ ಭಾಗ. ಡಿಸ್ಫೇಜಿಯಾ ಎಂದರೆ ನುಂಗಲಾರದ ಕಷ್ಟ, ಡಿಸ್ಫೇಸಿಯಾ ಎಂದರೆ ಮಾತಿನ ವೈಕಲ್ಯ. ಹೈಪರ್ ಎಂಬುದು ಹೈಪೋ ಎಂದು ಕೇಳಿಸಿದರೆ ಏರಿದ ರಕ್ತದ ಒತ್ತಡವು ಕಾಗದದಲ್ಲಿ ಇಳಿದುಹೋಗುವುದು. ಸ್ವಜನಕ್ಕೂ ಶ್ವಜನಕ್ಕೂ ಇರುವ ಅಂತರವನ್ನು ಪಾಠಶಾಲೆಯ ಬಾಲಕರೂ ಬಲ್ಲರು. ಅಲ್ಲಿ ತಪ್ಪಿದರೆ ನಗೆ, ಇಲ್ಲಿ ತಪ್ಪಿದರೆ ಪ್ರಾಣ. ಕಿವಿಯು ನಿರ್ಣಯಿಸಲಾರದೆಡೆಯಲ್ಲಿ ರೋಗದ ಪೂರ್ವಾಪರವನ್ನು ತಿಳಿದ ಬುದ್ಧಿಯೇ ನಿರ್ಣಯಿಸಬೇಕು.

ಹೀಗಿದ್ದರೂ ವೇತನವನ್ನು ಅಳೆದುದು ಬುದ್ಧಿಯಿಂದಲ್ಲ, ಪಂಕ್ತಿಯಿಂದ. 65 ಅಕ್ಷರಗಳಿಗೆ ಒಂದು ಪಂಕ್ತಿ, ಪಂಕ್ತಿಗೆ ಇಷ್ಟು ಸೆಂಟು ಎಂಬುದೇ ರೂಢಿಯಾಯಿತು. ಒಂದು ಸಂಶಯದ ಶಬ್ದಕ್ಕಾಗಿ ಹತ್ತು ನಿಮಿಷ ನಿಘಂಟು ತಿರುವಿದವರಿಗೆ ಆ ಹತ್ತು ನಿಮಿಷದ ಬೆಲೆ ಸೊನ್ನೆ. ವಿಘ್ನೇಶ್ವರನ ನಿಬಂಧನೆಗೆ ಕೂಲಿಯುಂಟು, ವ್ಯಾಸರ ನಿಬಂಧನೆಗೆ ಕೂಲಿಯಿಲ್ಲ. ಮುಂದೆ ಒದಗಿದ ವಿಪತ್ತಿನ ಬೀಜವು ಈ ಲೆಕ್ಕದಲ್ಲಿಯೇ ಇತ್ತೆಂಬುದು ನಮ್ಮ ಅಭಿಪ್ರಾಯ.

1990ರ ದಶಕದಲ್ಲಿ ಈ ವೃತ್ತಿಯು ಸಮುದ್ರವನ್ನು ದಾಟಿ ಬೆಂಗಳೂರಿಗೆ ಬಂದಿತು. ಅಲ್ಲಿ ರಾತ್ರಿಯಾದಾಗ ನಮಗೆ ಹಗಲು. ಅವರು ಸಂಜೆ ಹೇಳಿದುದು ಮರುದಿನ ಬೆಳಗಾಗುವುದರೊಳಗೆ ಬರಹವಾಗಿ ಅವರ ಮೇಜಿನ ಮೇಲಿರುತ್ತಿತ್ತು. ಹೆಲ್ತ್‌ಸ್ಕ್ರೈಬ್ ಮೊದಲಾದ ಸಂಸ್ಥೆಗಳು ನಮ್ಮ ಪದವೀಧರರಿಗೆ ಉದ್ಯೋಗ ಕೊಟ್ಟುವು. ಬೇರೆ ಕೆಲಸ ಕಾಣದಿದ್ದ ಜೀವವಿಜ್ಞಾನದ ವಿದ್ಯಾರ್ಥಿಗಳೂ, ಮನೆಯಲ್ಲಿಯೇ ಕುಳಿತು ಸಂಪಾದಿಸಬಯಸಿದ ಗೃಹಿಣಿಯರೂ ಈ ವಿದ್ಯೆಯನ್ನು ಕಲಿತರು. ಮೊದಲು ಬರೆಯುವವರು, ಅವರ ಮೇಲೆ ತಿದ್ದುವವರು, ಅವರ ಮೇಲೆ ಪರೀಕ್ಷಿಸುವವರು ಎಂದು ಮೂರು ಮೆಟ್ಟಿಲುಗಳಿದ್ದುವು. ಅಮೆರಿಕಾದ ವೈದ್ಯರ ನಾನಾ ಬಗೆಯ ಉಚ್ಚಾರಣೆಗಳನ್ನು ಮೈಸೂರು ಸೀಮೆಯ ಕಿವಿಗಳು ತಿಂಗಳುಗಟ್ಟಲೆ ಶ್ರಮಪಟ್ಟು ಒಲಿಸಿಕೊಂಡುವು.

ಈ ಮಧ್ಯೆ ಮಾತನ್ನು ತಾನೇ ಗ್ರಹಿಸಿ ಬರೆಯುವ ಯಂತ್ರದ ಸಾಧನೆಯೂ ಸಾಗಿತ್ತು. 1952ರಲ್ಲಿ ಬೆಲ್ ಪ್ರಯೋಗಶಾಲೆಯ ಆಡ್ರಿ ಎಂಬ ಯಂತ್ರವು ಅಂಕಿಗಳನ್ನಷ್ಟೇ ಗುರುತಿಸಿತು. 1962ರಲ್ಲಿ ಐಬಿಎಂ ಸಂಸ್ಥೆಯ ಯಂತ್ರವು 16 ಶಬ್ದಗಳನ್ನು ಬಲ್ಲದಾಯಿತು. 1976ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹಾರ್ಪಿಯು ಸುಮಾರು 1,000 ಶಬ್ದಗಳನ್ನು ಗ್ರಹಿಸಿತು. ಆ ವಿಶ್ವವಿದ್ಯಾಲಯದಲ್ಲಿ ಈ ಶಾಸ್ತ್ರವನ್ನು ಬೆಳೆಸಿದವರಲ್ಲಿ ಪ್ರಮುಖರೂ, 1994ರಲ್ಲಿ ಟ್ಯೂರಿಂಗ್ ಪ್ರಶಸ್ತಿಯನ್ನು ಪಡೆದವರೂ ಆದ ರಾಜ್ ರೆಡ್ಡಿಯವರು ನಮ್ಮ ನೆರೆಯ ಆಂಧ್ರ ದೇಶದವರು. 1997ರಲ್ಲಿ ಡ್ರ್ಯಾಗನ್ ಸಂಸ್ಥೆಯ ಯಂತ್ರವಿದ್ಯೆಯು ಬಂದ ಮೇಲೆ ಶಬ್ದಶಬ್ದಕ್ಕೂ ನಿಲ್ಲಿಸದೆ ಸಹಜವಾಗಿ ಮಾತನಾಡಿದರೂ ಬರಹವಾಗತೊಡಗಿತು. ಯಂತ್ರಕ್ಕೆ ವೈದ್ಯಭಾಷೆಯನ್ನು ಕಲಿಸಿದವರು ಯಾರು? ವೈದ್ಯರ ಧ್ವನಿಯನ್ನೂ, ಅದನ್ನು ಕೇಳಿ ಲಿಪಿಕಾರರು ಬರೆದ ಶುದ್ಧಪ್ರತಿಯನ್ನೂ ಜೊತೆಜೊತೆಯಾಗಿಟ್ಟು ಯಂತ್ರಕ್ಕೆ ಪಾಠ ಹೇಳಲಾಯಿತು; ಅವರು ದಿನದಿನವೂ ಮಾಡಿದ ತಿದ್ದುಪಡಿಗಳು ಅದರ ಅಭ್ಯಾಸಪುಸ್ತಕವಾದುವು. ಗುರುದಕ್ಷಿಣೆಯೆಂಬುದು ಮಾತ್ರ ಈ ಗುರುಗಳಿಗೆ ಸಲ್ಲಲಿಲ್ಲ.

ಕಳೆದ ಶತಮಾನ ಮುಗಿದ ಮೇಲಿನ ಒಂದು ದಶಕದಲ್ಲಿ ಕೆಲಸದ ರೀತಿಯೇ ಬದಲಾಯಿತು. ಯಂತ್ರವು ಕರಡನ್ನು ಬರೆಯುವುದು. ಲಿಪಿಕಾರರು ಧ್ವನಿಯನ್ನು ಕೇಳುತ್ತ ತಿದ್ದುವುದು. ಬರೆಯುವ ಪಂಕ್ತಿಗೆ ಇದ್ದ ದರದಲ್ಲಿ ಅರ್ಧಕ್ಕೆ ಸಮೀಪವಾದುದೇ ತಿದ್ದುವ ಪಂಕ್ತಿಯ ದರವಾಯಿತು. ಯಂತ್ರದ ಸಹಾಯದಿಂದ ಎರಡರಷ್ಟು ಪಂಕ್ತಿಗಳು ಸಾಗುವುವು, ಆದುದರಿಂದ ಸಂಪಾದನೆಗೆ ಊನವಿಲ್ಲವೆಂಬುದು ಯಜಮಾನರ ವಾದ. ವೈದ್ಯರು ಸ್ಪಷ್ಟವಾಗಿ ಹೇಳಿದಾಗ ಈ ವಾದವು ಕೆಲಮಟ್ಟಿಗೆ ನಿಜವೇ. ಆದರೆ ಗದ್ದಲದ ನಡುವೆ, ಅವಸರದಲ್ಲಿ, ಅಪರಿಚಿತ ಉಚ್ಚಾರಣೆಯಲ್ಲಿ ಹೇಳಿದ ವೃತ್ತಾಂತವನ್ನು ತಿದ್ದುವುದಕ್ಕೆ ಹೊಸದಾಗಿ ಬರೆಯುವಷ್ಟೇ ಹೊತ್ತು ಬೇಕು. ಆಗ ಕಷ್ಟ ಪೂರ್ಣ, ಕೂಲಿ ಅರ್ಧ. ಯಂತ್ರದ ಗುಣದಿಂದ ಬಂದ ಲಾಭ ಸಂಸ್ಥೆಗೆ. ಅದರ ದೋಷದಿಂದ ಬಂದ ನಷ್ಟ ಲಿಪಿಕಾರರಿಗೆ.

ಇದೊಂದೇ ಕಾರಣವೆಂದರೆ ನ್ಯಾಯವಾಗದು. 2009ರಲ್ಲಿ ಅಮೆರಿಕಾ ಸರ್ಕಾರವು ವೃತ್ತಾಂತಗಳನ್ನು ಕಂಪ್ಯೂಟರಿನಲ್ಲಿಡುವ ಆಸ್ಪತ್ರೆಗಳಿಗೆ ಧನಸಹಾಯವನ್ನು ವಿಧಿಸಿದ ಮೇಲೆ, ಸಿದ್ಧವಾದ ನಮೂನೆಗಳಲ್ಲಿ ಗುರುತು ಹಾಕಿ ವೈದ್ಯರೇ ಬರೆಯುವುದು ಹೆಚ್ಚಿತು. ಎರಡು ಕಾರಣಗಳೂ ಕೂಡಿದ ಫಲವು ಅಲ್ಲಿಯ ಸರ್ಕಾರದ ಲೆಕ್ಕದಲ್ಲಿಯೇ ಇದೆ: 2010ರಲ್ಲಿ ಸುಮಾರು 95,000 ಇದ್ದ ಈ ಉದ್ಯೋಗಗಳು 2016ಕ್ಕೆ ಸುಮಾರು 57,000ಕ್ಕೆ ಇಳಿದುವು. 2010ರಲ್ಲಿ 32,900 ಡಾಲರಿದ್ದ ಮಧ್ಯಮ ವಾರ್ಷಿಕ ವೇತನವು, ಪದಾರ್ಥಗಳ ಬೆಲೆಗಳೆಲ್ಲ ಏರಿದ ಹನ್ನೊಂದು ವರ್ಷಗಳ ಬಳಿಕ, 2021ರಲ್ಲಿ 30,000ದ ಆಸುಪಾಸಿನಲ್ಲಿತ್ತು.

ಬೆಂಗಳೂರಿನ ಕಛೇರಿಗಳ ನಾಮಫಲಕಗಳೇ ಈ ಕಥೆಯನ್ನು ಹೇಳುವುವು. ಹೆಲ್ತ್‌ಸ್ಕ್ರೈಬ್ ಸಂಸ್ಥೆಯು ಸ್ಫೆರಿಸ್ ಎಂಬ ಸಂಸ್ಥೆಯ ಪಾಲಾಯಿತು. ಸ್ಫೆರಿಸ್ 2010ರಲ್ಲಿ ದಿವಾಳಿಯಾಗಿ, ಅದರ ವ್ಯಾಪಾರವನ್ನು ಸಿಬೇ ಮತ್ತು ಮೆಡ್‌ಕ್ವಿಸ್ಟ್ ಎಂಬವರು ಕೊಂಡರು. ಮೆಡ್‌ಕ್ವಿಸ್ಟ್ 2011ರಲ್ಲಿ ಎಂ-ಮೋಡಲ್ ಎಂಬ ಯಂತ್ರವಿದ್ಯೆಯ ಸಂಸ್ಥೆಯನ್ನು ಕೊಂಡು, ಮರುವರ್ಷ ಅದರ ಹೆಸರನ್ನೇ ತಾನು ಧರಿಸಿತು. 2019ರಲ್ಲಿ ಅದರ ಯಂತ್ರವಿದ್ಯೆಯ ಭಾಗವನ್ನು ಮಾತ್ರ 3ಎಂ ಸಂಸ್ಥೆಯು ಸುಮಾರು 100 ಕೋಟಿ ಡಾಲರುಗಳಿಗೆ ಕೊಂಡಿತು. ಲಿಪಿಕಾರರ ಭಾಗವು ಹಿಂದುಳಿದು, ಆಕ್ವಿಟಿಯೆಂಬ ಹೆಸರಿನಿಂದ ನಡೆದು, 2023ರಲ್ಲಿ ಐಕೆಎಸ್ ಸಂಸ್ಥೆಗೆ ಸೇರಿತು. ಬರೆಯುವವರಿದ್ದ ಮನೆಗೆ ಯಂತ್ರವು ಸೊಸೆಯಾಗಿ ಬಂದು, ಮನೆಯ ಹೆಸರನ್ನು ಬದಲಿಸಿ, ಕೊನೆಗೆ ಪಾಲು ತೆಗೆದುಕೊಂಡು ಹೊರಟಂತಾಯಿತು.

ಹಾಗಾದರೆ ಲಿಪಿಕಾರರು ಇನ್ನು ಬೇಡವೆ? ಅಮೆರಿಕಾದ ಎರಡು ವೈದ್ಯಸಂಸ್ಥೆಗಳ 217 ವೃತ್ತಾಂತಗಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ವಿದ್ವಾಂಸರ ಗಣನೆಯಂತೆ, ಯಂತ್ರದ ಕರಡಿನಲ್ಲಿ ನೂರು ಶಬ್ದಗಳಿಗೆ 7.4 ತಪ್ಪುಗಳಿದ್ದುವು, ಲಿಪಿಕಾರರು ನೋಡಿದ ಮೇಲೆ 0.4 ಉಳಿದುವು, ವೈದ್ಯರು ಓದಿ ರುಜು ಹಾಕಿದ ಮೇಲೆ 0.3. ವಾಚಕರು ಈ ಮೂರು ಅಂಕಿಗಳನ್ನು ಮತ್ತೊಮ್ಮೆ ನೋಡಬೇಕು. ರುಜು ವೈದ್ಯರದು, ಶುದ್ಧಿ ಲಿಪಿಕಾರರದು. ಮನುಷ್ಯರು ತಪ್ಪುವುದಿಲ್ಲವೆಂದು ಹೇಳಲಾಗದು. ಅಲಬಾಮಾ ಪ್ರಾಂತದಲ್ಲಿ 2008ರಲ್ಲಿ, ಭಾರತದಲ್ಲಿ ಬರೆಸಿದ ಡಿಸ್ಚಾರ್ಜ್ ಪತ್ರದಲ್ಲಿ ಇನ್ಸುಲಿನ್ನಿನ 8 ಅಳತೆಯು 80 ಎಂದಾಗಿ, ರೋಗಿಯು ಮೃತಪಟ್ಟರು. 2012ರಲ್ಲಿ ಅಲ್ಲಿಯ ಪಂಚರು 14 ಕೋಟಿ ಡಾಲರುಗಳ ಪರಿಹಾರವನ್ನು ವಿಧಿಸಿದರು. ಇದರಿಂದ ತಿಳಿಯುವುದೇನೆಂದರೆ, ಅರ್ಥವಿಚಾರವಿಲ್ಲದ ಬರಹವು ಯಾರ ಕೈಯಿಂದ ಬಂದರೂ ವಿಷವೇ. ಯಂತ್ರದ ತಪ್ಪಿನಲ್ಲಿ ಇನ್ನೊಂದು ವಿಶೇಷವುಂಟು. ವಿಸ್ಪರ್ ಎಂಬ ನೂತನ ಯಂತ್ರವನ್ನು ಪರೀಕ್ಷಿಸಿದವರು, ಸುಮಾರು ಶೇಕಡ 1ರಷ್ಟು ಧ್ವನಿಮುದ್ರಣಗಳಲ್ಲಿ ಅದು ಯಾರೂ ಆಡದ ಮಾತುಗಳನ್ನು ತಾನೇ ಕಲ್ಪಿಸಿ ಬರೆದುದನ್ನು 2024ರಲ್ಲಿ ತೋರಿಸಿದರು. ತಿಳಿಯದೆಡೆಯಲ್ಲಿ ಲಿಪಿಕಾರರು ಜಾಗ ಬಿಟ್ಟು, ಸಂಶಯವನ್ನು ಗುರುತು ಮಾಡಿ, ವೈದ್ಯರನ್ನು ಕೇಳುವರು. ತನಗೆ ತಿಳಿಯದೆಂಬುದನ್ನು ತಿಳಿಯುವುದೇ ವಿದ್ಯೆಯ ಮೊದಲ ಮೆಟ್ಟಿಲು. ಈ ಯಂತ್ರವು ಅದನ್ನಿನ್ನೂ ಏರಿಲ್ಲ.

ಆದರೂ ವೃತ್ತಿಯು ಕುಗ್ಗುತ್ತಿದೆ. ಕೆಲವರು ರೋಗನಾಮಗಳಿಗೆ ಸಂಕೇತ ಕೊಡುವ ಕೋಡಿಂಗ್ ಕೆಲಸಕ್ಕೆ ಹೋದರು. ಕೆಲವರು ಪರೀಕ್ಷಕರಾಗಿ ಉಳಿದರು. ಅನೇಕರು ವೃತ್ತಿಯನ್ನೇ ಬಿಟ್ಟರು. ಈಗ ವೈದ್ಯ ಮತ್ತು ರೋಗಿಗಳ ಸಂಭಾಷಣೆಯನ್ನೇ ಕೇಳಿ ಟಿಪ್ಪಣಿ ಬರೆಯುವ ಯಂತ್ರಗಳು ಬಂದಿವೆ. ಇವುಗಳಿಂದ ವೈದ್ಯರಿಗೆ ಬಿಡುವು ದೊರೆತು, ರೋಗಿಯ ಮುಖ ನೋಡಿ ಮಾತನಾಡುವಂತಾದರೆ ಅದು ಸಂತೋಷದ ಸಂಗತಿಯೇ. ಆದರೆ ಉಪಾಧ್ಯಾಯವೃತ್ತಿಯಲ್ಲಿ ಆಯುಷ್ಯ ಕಳೆದವನಿಗೆ ಒಂದು ಶಂಕೆ ಹುಟ್ಟುತ್ತದೆ. ತಿದ್ದುವ ಶಕ್ತಿಯು ಬರೆದು ಬರೆದು ಬಂದುದು. ಮೂರು ಮೆಟ್ಟಿಲುಗಳಲ್ಲಿ ಕೆಳಗಿನದನ್ನು ಕಿತ್ತುಹಾಕಿದರೆ ಇಂದಿನ ಪರೀಕ್ಷಕರ ತರುವಾಯ ಆ ಮೇಲಿನ ಮೆಟ್ಟಿಲನ್ನು ಏರುವವರಾರು? ಅಕ್ಷರಾಭ್ಯಾಸವಿಲ್ಲದೆ ಭಾಷ್ಯಪಾಠಕ್ಕೆ ಶಿಷ್ಯರು ಸಿದ್ಧರಾಗುವುದುಂಟೆ?

ಯಂತ್ರವನ್ನು ಹಳಿದು ಫಲವಿಲ್ಲ. ಅದು ವಿಘ್ನೇಶ್ವರನ ನಿಬಂಧನೆಯನ್ನು ಮನುಷ್ಯರಿಗಿಂತ ಚೆನ್ನಾಗಿ ನಡೆಸುತ್ತದೆ. ಬದಲಾಗಬೇಕಾದುದು ಲೆಕ್ಕ. ಪಂಕ್ತಿಗಳನ್ನು ಎಣಿಸುವುದನ್ನು ಬಿಟ್ಟು, ಕೇಳಿ ವಿವೇಚಿಸಿದ ಹೊತ್ತಿಗೂ ಹೊತ್ತ ಹೊಣೆಗೂ ವೇತನ ಕೊಡುವುದೂ, ಹೊಸಬರಿಗೆ ಕೆಲಕಾಲವಾದರೂ ಕೈಯಿಂದ ಬರೆದು ಕಲಿಯುವ ಅವಕಾಶವಿಡುವುದೂ ಉಚಿತ. ನಮ್ಮ ನಾಡಿನ ತರುಣರು ಇಂದಿಗೂ ಈ ಕೆಲಸಗಳಲ್ಲಿರುವುದರಿಂದ ಇದು ಪರದೇಶದ ಸುದ್ದಿಯಲ್ಲ. ಯಂತ್ರದ ಕರಡಿನಲ್ಲಿ 80 ಎಂದಿರುವುದನ್ನು ಕಂಡು, ಇದು 8 ಇರಬೇಕಲ್ಲವೆ ಎಂದು ತಡೆದು ಕೇಳುವ ಒಬ್ಬರ ಸಂಬಳವನ್ನು ಉಳಿಸಿದ ಆಸ್ಪತ್ರೆಯು ಏನನ್ನು ಉಳಿಸಿತೆಂಬುದನ್ನು ವಾಚಕರೇ ನಿರ್ಣಯಿಸಲಿ.